ದೂರದ ಲೆಕ್ಕವೂ ಕಾಲದ ಲೆಕ್ಕವೂ

ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ವಾಸವಾಗಿರುವಳು. ಕೆಲವು ವರ್ಷಗಳ ಕೆಳಗೆ, ಜನವರಿ ತಿಂಗಳಲ್ಲಿ, “ಶನಿವಾರ ರಾತ್ರಿ ಎಂಟೂವರೆಗೆ ವಿಮಾನವನ್ನೇರುವೆನು, ಹದಿನೇಳು ಗಂಟೆಯ ಪ್ರಯಾಣ” ಎಂದು ಆಕೆಯು ತೊಂಡೇಬಾವಿಯಲ್ಲಿರುವ ತಾಯಿಗೆ ತಿಳಿಸಿದಳು. ತಾಯಿಯು ಬೆರಳೆಣಿಸಿ, ಮಗಳು ಭಾನುವಾರ ಮಧ್ಯಾಹ್ನ ಒಂದೂವರೆಗೆ ದೇವನಹಳ್ಳಿಯಲ್ಲಿ ಇಳಿಯುವಳೆಂದು ನಿಶ್ಚಯಿಸಿದರು. ಸಂಜೆಯಾಯಿತು, ರಾತ್ರಿಯಾಯಿತು, ಮಗಳ ಸುದ್ದಿಯಿಲ್ಲ. ಆ ತಾಯಿಯು ಅನ್ನವನ್ನು ಮುಟ್ಟದೆ ಪ್ರಾರ್ಥಿಸುತ್ತ ಕುಳಿತಿದ್ದರು. ಮಗಳಾದರೋ ಸೋಮವಾರ ಬೆಳಗಿನ ಜಾವ ಮೂರು ಗಂಟೆಗೆ, ಗೊತ್ತಾದ ವೇಳೆಗೇ, ಕ್ಷೇಮವಾಗಿ ಬಂದಿಳಿದಳು. ವಿಮಾನದಲ್ಲಿ ತಪ್ಪೇನೂ ಇರಲಿಲ್ಲ, ಲೆಕ್ಕದಲ್ಲಿ ತಪ್ಪಿತ್ತು. ಆ ಲೆಕ್ಕವನ್ನು ಮಗಳಿಗೆ ಕಲಿಸಿದವಳು ನಾನೇ. ಪರೀಕ್ಷೆಗೆಂದು ಕಲಿಸಿದೆನೇ ಹೊರತು, ಮನೆಯಲ್ಲಿ ಕಾಯುವವರಿಗೆ ತಿಳಿಯಹೇಳುವಂತೆ ಕಲಿಸಲಿಲ್ಲ. ಆದಕಾರಣ ಆ ಪಾಠವನ್ನು ಇಲ್ಲಿ ಮತ್ತೊಮ್ಮೆ ಹೇಳುವೆನು.

ಮೊದಲು ದೂರ. ಗೋಡೆಯ ಭೂಪಟವನ್ನು ನೋಡಿದರೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಬೇಕೆಂದು ತೋರುವುದು. ಭೂಮಿಯು ಗುಂಡಾಗಿರುವುದರಿಂದ ಇದು ಸರಿಯಲ್ಲ. ಗೋಳದ ಮೇಲೆ ಎರಡು ಪಟ್ಟಣಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ; ಅದು ಉತ್ತರಕ್ಕೆ ಏರಿ ಧ್ರುವಪ್ರದೇಶವನ್ನು ಹಾದುಹೋಗುವುದು. ಬೆಂಗಳೂರು ಉತ್ತರ ಧ್ರುವದಿಂದ ಸುಮಾರು 77 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 52 ಡಿಗ್ರಿ, ಒಟ್ಟು 129. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ, ಧ್ರುವದ ಮೇಲಿನ ದಾರಿ 14,319 ಕಿಲೋಮೀಟರ್. ಧ್ರುವವನ್ನು ಮುಟ್ಟದ ಅತ್ಯಂತ ಸಮೀಪದ ದಾರಿಯು ಸುಮಾರು 14,000. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲರೂ ಅವರ ಸಂಗಡ ಇನ್ನು ಮೂವರು ಸ್ತ್ರೀ ಚಾಲಕರೂ ಉತ್ತರ ಧ್ರುವದ ಮೇಲಿನಿಂದಲೇ ವಿಮಾನವನ್ನು ನಡೆಸಿ, ಎಲ್ಲಿಯೂ ಇಳಿಯದೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದರು. ನಮ್ಮ ಹುಡುಗಿಯರು ಇದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ಕಾಲ. 14,000ವನ್ನು 17ರಿಂದ ಭಾಗಿಸಿದರೆ ಗಂಟೆಗೆ ಸುಮಾರು 820 ಕಿಲೋಮೀಟರ್ ವೇಗವಾಗುವುದು. ಮೇಲಿನ ಗಾಳಿಯು ಹಿಂದಿನಿಂದ ಬೀಸಿದರೆ ಕಾಲವು ಕುಗ್ಗುವುದು, ಎದುರಾದರೆ ಹಿಗ್ಗುವುದು. ಆದರೆ ತಾಯಿಯ ಲೆಕ್ಕವು ತಪ್ಪಿದ್ದು ಗಾಳಿಯಿಂದಲ್ಲ, ಗಡಿಯಾರದಿಂದ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದು. ಅಂದರೆ ಗಂಟೆಗೆ 15. ಭಾರತದ ಗಡಿಯಾರವು ಪೂರ್ವ ರೇಖಾಂಶ 82½ ಡಿಗ್ರಿಯನ್ನೂ, ಕ್ಯಾಲಿಫೋರ್ನಿಯದ ಗಡಿಯಾರವು ಪಶ್ಚಿಮ 120 ಡಿಗ್ರಿಯನ್ನೂ ಅನುಸರಿಸುವುವು. ಕೂಡಿದರೆ 202½; 15ರಿಂದ ಭಾಗಿಸಿದರೆ 13½ ಗಂಟೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಅದಕ್ಕೆ ಹದಿನೇಳು ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ ಮೂರು. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರವು 12½ ಗಂಟೆ.

ಇದಲ್ಲದೆ, ಇಳಿದ ಗಳಿಗೆಯೇ ಮನೆ ಸೇರಿದ ಗಳಿಗೆಯಲ್ಲ. ತನಿಖೆಯೂ ಸಾಮಾನು ಬಿಡಿಸಿಕೊಳ್ಳುವುದೂ ಇರುವುದು. ದೇವನಹಳ್ಳಿಯಿಂದ ತೊಂಡೇಬಾವಿಗೆ ನೇರ ಗೆರೆಯಲ್ಲಿ ಸುಮಾರು 40 ಕಿಲೋಮೀಟರೇ ಆದರೂ ರಸ್ತೆಯು ನೇರವಾಗಿ ಹೋಗುವುದಿಲ್ಲ.

ದೂರದೇಶಗಳಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹೊರಡುವ ವೇಳೆಯನ್ನು ಬರೆಯುವಾಗ, ಇಳಿಯುವ ವಾರವನ್ನೂ ಗಂಟೆಯನ್ನೂ ಭಾರತದ ಗಡಿಯಾರದಂತೆಯೇ ಬರೆದು ತಿಳಿಸಿರಿ.

ಅಭ್ಯಾಸ: ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರವು ಸೊನ್ನೆ ಡಿಗ್ರಿಯನ್ನು ಅನುಸರಿಸುವುದು. ಅಲ್ಲಿಂದ ಮಧ್ಯಾಹ್ನ ಎರಡು ಗಂಟೆಗೆ ಹೊರಟ ವಿಮಾನವು ಹತ್ತು ಗಂಟೆ ಹಾರಿದರೆ ದೇವನಹಳ್ಳಿಯಲ್ಲಿ ಎಷ್ಟು ಹೊತ್ತಿಗೆ ಇಳಿಯುವುದು? ತಾಯಂದಿರೂ ಮಕ್ಕಳೂ ಜೊತೆಯಾಗಿ ಮಾಡಿ ನೋಡಬೇಕು. (ಉತ್ತರ: ಮರುದಿನ ಬೆಳಿಗ್ಗೆ ಐದೂವರೆ.)