ಸೀಲ್ ಬದಲಿಸುವ ಮೊದಲು ಎಣ್ಣೆ ಬಂದ ದಾರಿ ನೋಡು

ತಮ್ಮಾ, ತಾತನ ಕಾಲದ ಅಂಬಾಸಿಡರನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀಯ, ತುಂಬ ಸಂತೋಷ. ಈಗ ಅದು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿದೆ, ಹಿಂದಿನ ಸೀಲ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಹೂಂ ಅನ್ನುವ ಮುಂಚೆ ನನ್ನ ನಾಲ್ಕು ಮಾತು ಕೇಳು.

ಮೊದಲು ಬಾನೆಟ್ ಎತ್ತಿ ಒಳಗಿರುವುದು ಯಾವ ಎಂಜಿನ್ ಎಂದು ತಿಳಿದುಕೊ. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದನ್ನೇ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ತಯಾರಿಸಿತು. ದಶಕಗಟ್ಟಲೆ ಅದರಲ್ಲಿ ಇದ್ದದ್ದು 1489 ಸಿಸಿಯ ಬಿಎಂಸಿ ಪೆಟ್ರೋಲ್ ಎಂಜಿನ್. 1990ರ ದಶಕದಲ್ಲಿ ಬಂದ 1817 ಸಿಸಿ ಇಸುಜು ಎಂಜಿನ್ನಿನ ಲೆಕ್ಕವೇ ಬೇರೆ. ನಾನೀಗ ಹೇಳುವುದು ಹಳೆಯ 1489ರ ವಿಚಾರ.

ಆ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ! ಕ್ರ್ಯಾಂಕಿನ ಬಾಲದ ಮೇಲೆ ಸ್ಕ್ರೂವಿನ ಹಾಗೆ ಗೆರೆ ಕೊರೆದಿದ್ದಾರೆ. ಕ್ರ್ಯಾಂಕ್ ತಿರುಗಿದಾಗ ಆ ಗೆರೆಗಳು ಹೊರಗೆ ಬರುತ್ತಿರುವ ಎಣ್ಣೆಯನ್ನು ಮತ್ತೆ ಒಳಕ್ಕೇ ದೂಡುತ್ತವೆ. ಎಂಜಿನ್ ಓಡುತ್ತಿರುವಾಗ ಮಾತ್ರ ಈ ಏರ್ಪಾಡು ಕೆಲಸ ಮಾಡುತ್ತದೆ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಕೆಳಗಿನ ತೂತಿನಿಂದ ಒಂದೆರಡು ತೊಟ್ಟು ಬೀಳುವುದು ಸಹಜ. ಆ ತೂತನ್ನು ಮಾತ್ರ ಯಾವತ್ತೂ ಮುಚ್ಚಬೇಡ, ಮುಚ್ಚಿದರೆ ಅದೇ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತುತ್ತದೆ.

ಎಣ್ಣೆ ಎಲ್ಲಿ ಬೀಳುತ್ತದೆ ಎನ್ನುವುದು ಮುಖ್ಯವಲ್ಲ, ಎಲ್ಲಿಂದ ಹೊರಟಿತು ಎನ್ನುವುದು ಮುಖ್ಯ. ಅದು ಮೇಲಿನಿಂದ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಎಳೆದೊಯ್ಯುತ್ತದೆ. ಹಾಗಾಗಿ ರಾಕರ್ ಕವರಿನ ಪ್ಯಾಕಿಂಗ್ ಸೋರಿದರೂ ತೊಟ್ಟು ಬೀಳುವುದು ಗೇರ್‌ಬಾಕ್ಸಿನ ಹತ್ತಿರವೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜಿ ತೊಳೆ. ಬಿಸಿ ಎಂಜಿನ್ನಿಗೆ ಸೀಮೆಎಣ್ಣೆ ಬೇಡ, ಪೆಟ್ರೋಲಂತೂ ಬೇಡವೇ ಬೇಡ. ಚೆನ್ನಾಗಿ ಒರೆಸಿ ಒಣಗಿಸಿ ಮೇಲೆ ಟಾಲ್ಕಂ ಪೌಡರ್ ಉದುರಿಸು. ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಾ. ಬಿಳಿ ಪುಡಿಯ ಮೇಲೆ ಎಣ್ಣೆಯ ಗೆರೆ ಕಪ್ಪಗೆ ಕಾಣುತ್ತದೆ. ಆ ಗೆರೆಯ ತುದಿ ಎಲ್ಲಿದೆಯೋ ಅಲ್ಲಿದೆ ರೋಗ. ಗಾಡಿಯ ಕೆಳಗೆ ಹೋಗುವುದಾದರೆ ಬರೀ ಜ್ಯಾಕ್ ನಂಬಿ ಹೋಗಬೇಡಪ್ಪ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಒತ್ತಿಟ್ಟ ಮೇಲೆಯೇ ಹೋಗು.

ಈ ಎಂಜಿನ್ನಿನಲ್ಲಿ ಹಿಂದಿನ ಸೀಲ್ ಎಂದು ಸುಳ್ಳು ಹೆಸರು ಹೊರುವುದು ಬಹಳ ಸಲ ಸೈಡ್ ಕವರ್. ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಎರಡು ತಗಡಿನ ಕವರುಗಳು ಅವು, ಕಾರ್ಕ್ ಪ್ಯಾಕಿಂಗಿನವು. ಸೈಲೆನ್ಸರ್ ಬಿಸಿಗೆ ಕಾರ್ಕ್ ಒಣಗಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಹಿಂದಿನ ಕವರಿನಿಂದ ಸೋರಿದ ಎಣ್ಣೆ ನೇರವಾಗಿ ಬೆಲ್ ಹೌಸಿಂಗ್ ಮೇಲೆ ಇಳಿಯುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ ಹೊಸ ಕಾರ್ಕ್ ಕೂರಿಸಿದರೆ ಮುಗಿಯಿತು, ಎಂಜಿನ್ ಇಳಿಸುವ ಪ್ರಸಂಗವೇ ಇಲ್ಲ. ಆದರೆ ಬೋಲ್ಟನ್ನು ಬಲಕೊಟ್ಟು ತಿರುಗಿಸಬೇಡ. ತಗಡು ನಡುವೆ ಒಳಕ್ಕೆ ಬಾಗುತ್ತದೆ, ಅಂಚು ಏಳುತ್ತದೆ, ಸೋರಿಕೆ ಮೊದಲಿಗಿಂತ ಹೆಚ್ಚಾಗುತ್ತದೆ. ಹಳೆಯ ಕವರ್ ಬಾಗಿದ್ದರೆ ಗಾಜಿನ ಮೇಲಿಟ್ಟು ನೋಡಿ, ಸಮ ಮಾಡಿಕೊಂಡೇ ಹಾಕು.

ಮುಂಬದಿಯಲ್ಲಿ, ಕ್ರ್ಯಾಂಕ್ ಪುಲ್ಲಿಯ ಹಿಂದೆ, ನಿಜವಾಗಿಯೂ ಸೀಲ್ ಇದೆ. ಅಲ್ಲಿ ಸೋರುತ್ತಿದ್ದರೆ ರೇಡಿಯೇಟರ್ ತೆಗೆದು ಪುಲ್ಲಿ ಎಳೆದು ಟೈಮಿಂಗ್ ಕವರ್ ಬಿಚ್ಚಬೇಕು. ತೀರಾ ಹಳೆಯದರಲ್ಲಿ ಫೆಲ್ಟ್ ಇರುತ್ತದೆ, ಆಮೇಲಿನದರಲ್ಲಿ ರಬ್ಬರ್. ಹೊಸ ಸೀಲ್ ತರುವ ಮೊದಲು ಪುಲ್ಲಿಯ ಕುತ್ತಿಗೆಯ ಮೇಲೆ ಉಗುರು ಎಳೆದು ನೋಡು. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಸೀಲಿನ ತುಟಿ ಗೀರಿನ ಪಕ್ಕ, ನುಣುಪಾದ ಜಾಗದಲ್ಲಿ ಕೂರುವಂತೆ ಸ್ವಲ್ಪ ಸರಿಸಿ ಹೊಡೆಯಬಹುದು. ಅದಾಗದಿದ್ದರೆ ತೆಳು ಉಕ್ಕಿನ ಸ್ಲೀವ್ ಹಾಕಿಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಸ್ಪೇರ್ ಅಂಗಡಿಯಲ್ಲೋ ಕೊಳ್ಳುವಾಗ ಹಳೆಯ ಸೀಲನ್ನು ಜೊತೆಗೇ ಒಯ್ಯಿ, ಹೊಸದರ ತುಟಿ ಬೆರಳಿಗೆ ಮೆತ್ತಗಿದೆಯೇ ನೋಡು. ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದು ಗಟ್ಟಿಯಾದದ್ದು ಬೇಡ.

ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ. ತುಟಿಗೆ ಚೂರು ಎಣ್ಣೆ ಸವರು. ಕವರಿನ ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು ಮೊದಲು ಪುಲ್ಲಿ ತೂರಿಸು, ಸೀಲ್ ತಾನಾಗಿ ನಡುವಿಗೆ ಬರುತ್ತದೆ, ಆಮೇಲೆ ಬಿಗಿ ಮಾಡು. ಈ ಒಂದು ಹೆಜ್ಜೆ ಬಿಟ್ಟು, ಹೊಸ ಸೀಲೇ ಸರಿಯಿಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವವರನ್ನು ಬಹಳ ನೋಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಎರಡೂ ಕಡೆ ಸೋರುತ್ತಿದ್ದರೆ ತಪ್ಪು ಸೀಲಿನದಲ್ಲ, ಒಳಗಿನ ಒತ್ತಡದ್ದು. ಪಿಸ್ಟನ್ ರಿಂಗ್ ಸವೆದರೆ ಉರಿದ ಅನಿಲ ಕೆಳಗಿನ ಚೇಂಬರಿಗೆ ನುಗ್ಗುತ್ತದೆ. ಅದು ಬ್ರೀದರ್ ಪೈಪಿನಿಂದ ಹೊರಹೋಗಬೇಕು. ಪೈಪ್ ಕಟ್ಟಿಕೊಂಡಿದ್ದರೆ ಆ ಒತ್ತಡ ಇದ್ದಬದ್ದ ಸಂದಿಯಿಂದೆಲ್ಲ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡು. ಗುಪ್ಪುಗುಪ್ಪೆಂದು ಹೊಗೆ ಬಂದರೆ ಮೊದಲು ಬ್ರೀದರ್ ಪೈಪ್ ಬಿಚ್ಚಿ ತೊಳೆ. ತೊಳೆದ ಮೇಲೂ ಹಾಗೇ ಇದ್ದರೆ ಕಂಪ್ರೆಷನ್ ನೋಡಿಸು. ಬೋರ್ ಕೆಲಸಕ್ಕೆಂದು ಎಂಜಿನ್ ಇಳಿಸಬೇಕಾಗಿ ಬಂದರೆ ಅದು ನ್ಯಾಯವಾದ ಖರ್ಚು, ಕ್ಲಚ್ಚನ್ನೂ ಕ್ರ್ಯಾಂಕಿನ ಬೇರಿಂಗುಗಳನ್ನೂ ಆಗಲೇ ನೋಡಿಸಿಬಿಡು.

ಲೀಕ್ ನಿಲ್ಲಿಸುವ ಡಬ್ಬಿ ಔಷಧಿ ಸುರಿಯಬೇಡ. ಅದು ರಬ್ಬರನ್ನು ಸ್ವಲ್ಪ ಉಬ್ಬಿಸಬಹುದು, ಒಣಗಿದ ಕಾರ್ಕಿಗೂ ಕ್ರ್ಯಾಂಕಿನ ಗೆರೆಗೂ ಅದರಿಂದ ಏನೂ ಆಗದು. ಹೊಸ ಕಾರುಗಳ ತೆಳು ಎಣ್ಣೆಯೂ ಇದಕ್ಕೆ ಹೊಂದುವುದಿಲ್ಲ, 20ಡಬ್ಲ್ಯೂ-50 ಸಾಕು. ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿ ತುಂಬಿಸಬೇಡ.

ಕ್ಲಚ್ ಜಾರುತ್ತಿದ್ದರೆ, ಇಲ್ಲವೇ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬೀಳುತ್ತಿದ್ದರೆ ಗಾಡಿ ತೆಗೆಯಲೇಬೇಡ, ಬೆಂಕಿಯ ಭಯವಿದೆ. ಅವೆರಡೂ ಇಲ್ಲವೆಂದರೆ ಅವಸರವಿಲ್ಲ. ತೊಳೆದು, ಪೌಡರ್ ಹಾಕಿ, ಸೈಡ್ ಕವರನ್ನೂ ಬ್ರೀದರನ್ನೂ ನೋಡುವವರೆಗೆ ಎಂಜಿನ್ ಇಳಿಸಲು ಯಾರಿಗೂ ಮುಂಗಡ ಕೊಡಬೇಡ ತಮ್ಮಾ.