ಹಲವು ಕಾಯಿಲೆಗಳ ಮಗು: ಹಕ್ಕುಗಳು ಮತ್ತು ಕಾಗದಪತ್ರ

ಸೆರೆಬ್ರಲ್ ಪಾಲ್ಸಿಯ ಜೊತೆಗೆ ಮೂರ್ಛೆರೋಗವೂ ಇರುವ ಮಗುವಿಗೆ ಮಕ್ಕಳ ವೈದ್ಯರು, ನರರೋಗ ತಜ್ಞರು, ಫಿಸಿಯೋಥೆರಪಿ, ಅಂಗವಿಕಲತೆಯ ಪ್ರಮಾಣಪತ್ರ, ಶಾಲೆ ಎಲ್ಲವೂ ಬೇಕು. ಒಂದೊಂದೂ ಒಂದೊಂದು ಇಲಾಖೆಯದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಇವನ್ನು ಜೋಡಿಸುವುದು ಬಹುಮಟ್ಟಿಗೆ ತಾಯಿಯ ಕೈಚೀಲದಲ್ಲಿರುವ ಫೈಲು.

ಮೊದಲ ಮೆಟ್ಟಿಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದರ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಶಾಲೆಗೆ 1 ಸಲ ಬಂದು ಮಕ್ಕಳನ್ನು ತಪಾಸಿಸಿ, ಅಗತ್ಯವಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತದೆ. ಗುಳೆ ಹೋದ ಕುಟುಂಬದ ಮಗು ಈ ಭೇಟಿಯನ್ನೇ ತಪ್ಪಿಸಿಕೊಳ್ಳುತ್ತದೆ. ಊರಿಗೆ ಮರಳಿದ ಮೇಲೆ ಮುಂದಿನ ಭೇಟಿಗೆ ಕಾಯಬೇಕಿಲ್ಲ. ಆಶಾ ಕಾರ್ಯಕರ್ತೆಗೆ ತಿಳಿಸಿ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಸ್ಥಿತಿ ಬಿಟ್ಟರೆ, ಖಾಸಗಿ ಆಸ್ಪತ್ರೆಯ ತಜ್ಞ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಗೆ ದಾಖಲಾಗುವ ಹೊತ್ತಿನಲ್ಲಿ ಅದನ್ನು ಸರಿಪಡಿಸಲು ಆಗುವುದಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 25ನೇ ಸೆಕ್ಷನ್ ಪ್ರಕಾರ, ಆದಾಯ ಮಿತಿಗೆ ಒಳಪಟ್ಟು, ವಿಶೇಷವಾಗಿ ಗ್ರಾಮೀಣ ಭಾಗದಲ್ಲಿ ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಒದಗಬೇಕು. ತಪಾಸಣೆ, ಚಿಕಿತ್ಸೆಗಳಲ್ಲಿ ಆದ್ಯತೆಯೂ ಇದೆ. ಓ.ಪಿ.ಡಿ. ಸಾಲಿನಲ್ಲಿ ನಿಂತವರು ಈ ಆದ್ಯತೆಯನ್ನು ಕೇಳುವುದೇ ಅಪರೂಪ. ಅಂಗವಿಕಲರ ವಿಶಿಷ್ಟ ಗುರುತಿನ (ಯು.ಡಿ.ಐ.ಡಿ.) ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಅಂಗವಿಕಲತೆಯ ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಬಹುದು. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ತೀವ್ರ ವೈಕಲ್ಯದ ಮಗು ಮನೆಯಲ್ಲೇ ಕಲಿಯಬಹುದು.

ರಾಯಚೂರು, ಕಲಬುರಗಿ, ಬೆಂಗಳೂರು ಎಂದು ಆಸ್ಪತ್ರೆ ಬದಲಾದಂತೆ ಹಳೆಯ ವರದಿಗಳು ಕಳೆದುಹೋಗುತ್ತವೆ, ಅದೇ ಪರೀಕ್ಷೆ ಮತ್ತೆ ನಡೆಯುತ್ತದೆ. 2002ರ ವೈದ್ಯಕೀಯ ನೀತಿ ನಿಯಮಾವಳಿಯಂತೆ, ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕು. ಕೋರಿಕೆ ಲಿಖಿತವಾಗಿರಲಿ, ನಕಲಿನ ಮೇಲೆ ಸ್ವೀಕೃತಿ ಪಡೆಯಬೇಕು.

ಸೇವೆ ನಿರಾಕರಿಸಿದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಮಕ್ಕಳಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ನೇ ವಯಸ್ಸಿಗೆ ಮುಗಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ಆಮೇಲೆ ಕಾನೂನುಬದ್ಧ ಪೋಷಕರು ಬೇಕಾದರೆ, ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು.