ಹಾಳೆಯ ಮೇಲಣ ಕಿಟಕಿಗಳು

ನಕ್ಷೆ ಬರೆಯುವ ಕಸುಬಿನೊಳಗೆ ಎರಡು ಭಿನ್ನ ಕಾರ್ಯಗಳು ಅಡಗಿವೆ: ಕಟ್ಟಡವು ಹೇಗಿರತಕ್ಕದ್ದೆಂದು ನಿಶ್ಚಯಿಸುವುದು ಒಂದು, ಅದರಲ್ಲಿ ಎಷ್ಟನ್ನು, ಯಾವ ಪ್ರಮಾಣದಲ್ಲಿ, ಯಾರಿಗೆ ತೋರಿಸಬೇಕೆಂದು ನಿಶ್ಚಯಿಸುವುದು ಇನ್ನೊಂದು. ಡ್ರಾಯಿಂಗ್ ಬೋರ್ಡಿನ ಮುಂದೆ ಟಿ-ಸ್ಕ್ವೇರು ಹಿಡಿದು ಕುಳಿತಿದ್ದ ಕಾಲದಲ್ಲಿ, ಟ್ರೇಸಿಂಗ್ ಹಾಳೆಯ ಮೇಲೆ ಮಸಿಯ ಗೆರೆ ಬೀಳುವ ಕ್ಷಣದಲ್ಲಿಯೇ ಇವೆರಡೂ ಏಕಕಾಲಕ್ಕೆ ನೆರವೇರಿ ಹೋಗುತ್ತಿದ್ದುದರಿಂದ, ಅವನ್ನು ಬೇರ್ಪಡಿಸಿ ನೋಡುವ ಪ್ರಸಂಗವೇ ನಮಗೆ ಒದಗಿರಲಿಲ್ಲ. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿಗಳ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ನನಗೆ ಈ ಭೇದವು ಸ್ಪಷ್ಟವಾದದ್ದು ಆಟೋಕ್ಯಾಡ್ ಕಲಿತು, ಅದರ ಮಾಡೆಲ್ ಸ್ಪೇಸ್, ಪೇಪರ್ ಸ್ಪೇಸ್ ಎಂಬ ಉಭಯ ಲೋಕಗಳಲ್ಲಿ ವ್ಯವಹರಿಸತೊಡಗಿದ ಮೇಲೆಯೇ.

1982ರಲ್ಲಿ ಹೊರಬಂದ ಆ ತಂತ್ರಾಂಶದಲ್ಲಿ ಮೊದಮೊದಲು ಎರಡನೆಯ ಲೋಕವಿರಲಿಲ್ಲ. 1990ರ ಹನ್ನೊಂದನೆಯ ಆವೃತ್ತಿಯಲ್ಲಿ ಪೇಪರ್ ಸ್ಪೇಸ್ ಬಂದಿತು, ಅದೂ ಕಡತಕ್ಕೆ ಒಂದೇ. ಒಂದು ಕಡತದಲ್ಲಿ ಅನೇಕ ಲೇಔಟುಗಳನ್ನು ಇಟ್ಟುಕೊಳ್ಳುವ ಸೌಕರ್ಯವು 1999ರಲ್ಲಿ ಬಿಡುಗಡೆಯಾದ ಆಟೋಕ್ಯಾಡ್ 2000ದಿಂದ ಆರಂಭವಾದುದು. ಅದಕ್ಕೆ ಮುಂಚಿನ ಪದ್ಧತಿಯನ್ನು, ಅದರ ಅಭ್ಯಾಸವನ್ನು ಬಿಡಲೊಲ್ಲದ ಹಿರಿಯರ ಕೈಕೆಳಗೆ, ನಾನೂ ಕೆಲಕಾಲ ಅನುಸರಿಸಿದ್ದುಂಟು. 841 ಮತ್ತು 594 ಮಿಲಿಮೀಟರಿನ ಎ1 ಹಾಳೆಯ ಚೌಕಟ್ಟನ್ನು ನೂರು ಪಾಲು ಹಿಗ್ಗಿಸಿ, ಎಂಬತ್ತನಾಲ್ಕು ಮೀಟರಿಗೂ ಮಿಗಿಲಾದ ಆ ಬೇಲಿಯೊಳಗೆ ಮನೆಯನ್ನು ಕೂರಿಸಬೇಕಾಗಿತ್ತು. ಕಾಗದದ ಮೇಲೆ ಎರಡೂವರೆ ಮಿಲಿಮೀಟರು ಕಾಣಬೇಕಾದ ಅಕ್ಷರವನ್ನು ಇನ್ನೂರೈವತ್ತು ಮಿಲಿಮೀಟರು ಎತ್ತರಕ್ಕೆ ಬರೆಯಬೇಕಾಗಿತ್ತು. ಇದನ್ನಾದರೂ ಸಹಿಸಬಹುದು. ಅದೇ ಹಾಳೆಯಲ್ಲಿ ಮೆಟ್ಟಿಲಿನ ವಿವರವನ್ನು 1:20ರಲ್ಲಿ ತೋರಿಸಬೇಕೆಂದಾಗ, ಮೆಟ್ಟಿಲನ್ನು ನಕಲಿಸಿ, ಐದು ಪಾಲು ದೊಡ್ಡದು ಮಾಡಿ ಪಕ್ಕದಲ್ಲಿ ಇಡುತ್ತಿದ್ದೆವು. ಒಡನೆಯೇ ಮುನ್ನೂರು ಮಿಲಿಮೀಟರಿನ ಮೆಟ್ಟಿಲನ್ನು ಯಂತ್ರವು 1500 ಎಂದು ಅಳೆದು ತೋರಿಸುವುದು, ನಾವು ಅದಕ್ಕೊಂದು ಭಾಜಕವನ್ನು ಕೊಟ್ಟು ಸಂತೈಸುವುದು. ಆ ಕ್ಷಣದಿಂದ ಮನೆಗೆ ಎರಡು ಮೆಟ್ಟಿಲುಗಳಾದವು. ಮಾಲೀಕರು ಮನಸ್ಸು ಬದಲಿಸಿದಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದಕ್ಕೆ ಬೇಕಾದ ಏರ್ಪಾಡೆಲ್ಲ ಸಿದ್ಧವಾಗಿತ್ತೆನ್ನಬೇಕು.

ಲೇಔಟಿನ ಕ್ರಮದಲ್ಲಿ ವಸ್ತುವು ತನ್ನ ನಿಜವಾದ ಗಾತ್ರದಲ್ಲಿ, ಒಂದೇ ಒಂದು ಸಲ, ಮಾಡೆಲ್ ಸ್ಪೇಸಿನಲ್ಲಿ ನೆಲೆಸಿರುತ್ತದೆ. ಹಾಳೆಯೂ ತನ್ನ ನಿಜವಾದ ಗಾತ್ರದಲ್ಲಿಯೇ ಇರುತ್ತದೆ. ವ್ಯೂಪೋರ್ಟ್ ಎಂಬುದು ಆ ಹಾಳೆಯಲ್ಲಿ ಕೊರೆದ ಕಿಟಕಿ, ಪ್ರಮಾಣವು ಆ ಕಿಟಕಿಯ ಗುಣವೇ ಹೊರತು ಮನೆಯದಲ್ಲ. ಮಿಲಿಮೀಟರಿನಲ್ಲಿ ಬರೆದ ಮನೆಗೆ ಝೂಮ್ ಆಜ್ಞೆಯಲ್ಲಿ 1/100ಎಕ್ಸ್‌ಪಿ ಎಂದರೆ 1:100 ಆಯಿತು; ಸರ್ವೆಯವರು ಮೀಟರಿನಲ್ಲಿ ಬರೆದು ಕೊಟ್ಟ ಕಡತವಾದರೆ ಅದೇ ಪ್ರಮಾಣಕ್ಕೆ 10ಎಕ್ಸ್‌ಪಿ ಎನ್ನಬೇಕು. ಮನೆಯವರು ಥರ್ಟಿ–ಫಾರ್ಟಿ ಎಂದು ಅಡಿಯಲ್ಲಿ ಮಾತನಾಡುವ, ಸರ್ವೆಯವರು ಮೀಟರಿನಲ್ಲಿ ಅಳೆಯುವ, ನಾವು ಮಿಲಿಮೀಟರಿನಲ್ಲಿ ಬರೆಯುವ ಈ ಊರಿನಲ್ಲಿ ಅಷ್ಟು ಗಣಿತವು ಕೈವಶವಾಗಿರಲೇಬೇಕು: ಮೂವತ್ತು–ನಲವತ್ತರ ನಿವೇಶನ 1:100ರಲ್ಲಿ ಹಾಳೆಯ ಮೇಲೆ ಸುಮಾರು 91 ಮತ್ತು 122 ಮಿಲಿಮೀಟರಿನಷ್ಟು ಮಾತ್ರ.

ಈ ಪದ್ಧತಿಯ ನಿಜವಾದ ಸೊಗಸು ಲೇಯರುಗಳಲ್ಲಿದೆ. ಒಂದೇ ಅಂತಸ್ತನ್ನು ಮೂರು ಹಾಳೆಗಳ ಮೂರು ಕಿಟಕಿಗಳಿಂದ ನೋಡುತ್ತ, ಒಂದರಲ್ಲಿ ಪೀಠೋಪಕರಣವನ್ನು, ಇನ್ನೊಂದರಲ್ಲಿ ವಿದ್ಯುತ್ತಿನ ತಂತಿಗಳನ್ನು, ಮತ್ತೊಂದರಲ್ಲಿ ನೀರಿನ ಕೊಳವೆಗಳನ್ನು ಮಾತ್ರ ಉಳಿಸಿ, ಮಿಕ್ಕವನ್ನು ಆಯಾ ವ್ಯೂಪೋರ್ಟಿನ ಮಟ್ಟಿಗೆ ಫ್ರೀಜ್ ಮಾಡಬಹುದು. ಅಡಿಗೆಮನೆಯ ಗೋಡೆ ನೂರೈವತ್ತು ಮಿಲಿಮೀಟರು ಸರಿದರೆ ಮೂರೂ ಹಾಳೆಗಳಲ್ಲಿ ತಾನಾಗಿಯೇ ಸರಿಯುತ್ತದೆ. ಆದರೆ ಈ ಏಕತ್ವಕ್ಕೆ ಇನ್ನೊಂದು ಮುಖವೂ ಉಂಟು. ಕಿಟಕಿಯೊಳಗೆ ಎರಡು ಬಾರಿ ಕ್ಲಿಕ್ಕಿಸಿ ಪ್ರವೇಶಿಸಿದವನು, ತಾನಿನ್ನೂ ಹಾಳೆಯ ಮೇಲೆಯೇ ಇರುವೆನೆಂಬ ಭ್ರಮೆಯಿಂದ, ಆ ಹಾಳೆಗೆ ಬೇಡವಾದ ಮಂಚವನ್ನು ಅಳಿಸಿದನೆಂದರೆ, ಅದು ಮನೆಯಿಂದಲೇ ಹೊರಟುಹೋಯಿತು. ಹೊಸದಾಗಿ ಬರುವ ಹುಡುಗರಿಗೆ ನಾನು ಎಲ್ಲಕ್ಕಿಂತ ಮೊದಲು ಕಲಿಸುವುದು, ಬೆರಳು ಆಡಿಸುವ ಮುನ್ನ ತಾವು ಯಾವ ಲೋಕದಲ್ಲಿರುವೆವೆಂದು ನೋಡಿಕೊಳ್ಳುವುದನ್ನು. ಎರಡನೆಯದು, ಪ್ರಮಾಣ ಕೂರಿಸಿದೊಡನೆ ವ್ಯೂಪೋರ್ಟಿಗೆ ಲಾಕ್ ಹಾಕುವುದು. ಮೌಸಿನ ಚಕ್ರ ಒಂದು ಹಲ್ಲು ಉರುಳಿದರೂ ನೂರಿದ್ದದ್ದು ನೂರಾಗಿ ಉಳಿಯದು, ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. ಕಿಟಕಿಯ ಅಂಚುಗಳನ್ನು ಮುದ್ರಣವಾಗದ ಲೇಯರೊಂದರಲ್ಲಿ ಇಡುವುದು ಸಣ್ಣ ಸಂಗತಿ, ಹೇಳಿ ಮುಂದೆ ಹೋಗುತ್ತೇನೆ.

ರಸ್ತೆ ಓರೆಯಾಗಿದ್ದಲ್ಲಿ ನಿವೇಶನವೂ ಓರೆ, ಮನೆಯೂ ಓರೆ. ಹಾಳೆಯ ಮೇಲೆ ಅದನ್ನು ನೆಟ್ಟಗೆ ಕಾಣಿಸುವ ಆತುರದಲ್ಲಿ ಮನೆಯನ್ನೇ ತಿರುಗಿಸಿಬಿಡುವವರನ್ನು ನಾನು ಬಹಳವಾಗಿ ಕಂಡಿದ್ದೇನೆ. ಆಮೇಲೆ ಸರ್ವೆಯ ಕಲ್ಲುಗಳೂ, ಚರಂಡಿಯೂ, ನೆರೆಯ ಗೋಡೆಯೂ ಒಂದಕ್ಕೊಂದು ಕೂಡಿ ಬರುವುದಿಲ್ಲ. ತಿರುಗಿಸಬೇಕಾದುದು ನೋಟವನ್ನು. ಡಿವ್ಯೂ ಆಜ್ಞೆಯ ಟ್ವಿಸ್ಟ್ ಎಂಬುದು ಕಿಟಕಿಯ ದೃಷ್ಟಿಯನ್ನಷ್ಟೇ ಹೊರಳಿಸಿ, ವಸ್ತುವನ್ನು ಅದರ ನಿರ್ದೇಶಾಂಕಗಳಲ್ಲಿ ನಿಶ್ಚಲವಾಗಿ ಬಿಡುತ್ತದೆ. ಉತ್ತರದ ಬಾಣವನ್ನು ನಾನು ಹಾಳೆಯ ಮೇಲೆ ಬರೆಯದೆ ಮಾಡೆಲಿನೊಳಗೇ ನಿಲ್ಲಿಸುವುದೂ ಈ ಕಾರಣಕ್ಕೆ. ನೋಟ ಎಷ್ಟು ಹೊರಳಿದರೆ ಬಾಣವೂ ಅಷ್ಟೇ ಹೊರಳಿ ಸತ್ಯವನ್ನೇ ನುಡಿಯುತ್ತದೆ. ಅಡಿಗೆಮನೆ ಆಗ್ನೇಯದಲ್ಲಿದೆಯೇ ಎಂದು ಪರೀಕ್ಷಿಸುವ ಮನೆಯವರು ಎಲ್ಲಕ್ಕಿಂತ ಮೊದಲು ನೋಡುವುದು ಆ ಬಾಣವನ್ನೇ.

ಅಳತೆಗಳನ್ನು ಎಲ್ಲಿ ಬರೆಯಬೇಕೆಂಬುದರಲ್ಲಿ ನಮ್ಮವರಲ್ಲಿ ಏಕಾಭಿಪ್ರಾಯವಿಲ್ಲ. ಅಕ್ಷರದ ಗಾತ್ರವು ಓದುವವನ ಕಣ್ಣಿಗೆ ಸಂಬಂಧಿಸಿದ್ದಾದುದರಿಂದ ಎಲ್ಲವೂ ಹಾಳೆಯ ಮೇಲಿರಲಿ ಎನ್ನುವ ಪಕ್ಷವೊಂದುಂಟು. ಶೀರ್ಷಿಕೆ, ಟಿಪ್ಪಣಿ, ಚೌಕಟ್ಟುಗಳ ಮಟ್ಟಿಗೆ ನಾನೂ ಅವರ ಕಡೆಯವನೇ. ಅಳತೆಯಾದರೋ ಗೋಡೆಗೆ ಸೇರಿದ್ದು, ಅದು ಗೋಡೆಯ ಬಳಿಯಲ್ಲಿಯೇ ಇರಲಿ ಎಂಬುದು ನನ್ನ ಮತ. ಆಟೋಕ್ಯಾಡ್ 2008ರಲ್ಲಿ ಬಂದ ಅನೊಟೇಟಿವ್ ಕ್ರಮವು, ಒಂದೇ ಅಳತೆಯನ್ನು 1:100ರ ಕಿಟಕಿಯಲ್ಲಿಯೂ 1:50ರ ಕಿಟಕಿಯಲ್ಲಿಯೂ ಸಮನಾದ ಅಕ್ಷರದಲ್ಲಿ ತೋರಿಸುವುದರಿಂದ, ಈ ವ್ಯಾಜ್ಯದ ಬಹುಪಾಲು ತೀರಿಹೋಗಿದೆ.

ಅಳತೆಪಟ್ಟಿಯನ್ನೂ, ಐದು ಮೀಟರಿನ ಉದ್ದಕ್ಕೆ ಕಪ್ಪು–ಬಿಳುಪು ಮನೆಗಳನ್ನು ಎಳೆದು, ನಾನು ಮಾಡೆಲಿನೊಳಗೇ ಇಡುತ್ತೇನೆ. ಎ1 ಹಾಳೆಗೆಂದು ಸಿದ್ಧಪಡಿಸಿದ ನಕ್ಷೆಯನ್ನು ಕೆಲಸದ ಜಾಗಕ್ಕೆ ಒಯ್ಯುವವರು ಎ3ರಲ್ಲಿ ತೆಗೆಸಿ ಮಡಿಚಿಕೊಂಡು ಹೋಗುತ್ತಾರೆ. ಉದ್ದಗಲ ಅರ್ಧಕ್ಕಿಳಿದು 1:100 ಎಂದಿದ್ದುದು 1:200 ಆಗಿರುತ್ತದೆ, ಟೈಟಲ್ ಬ್ಲಾಕಿನಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಗಂಭೀರವಾಗಿ ಕುಳಿತಿರುತ್ತದೆ. ಬರೆದಿರದ ಅಳತೆಯೊಂದು ಬೇಕಾದಾಗ ಮೇಸ್ತ್ರಿ ಆ ಸಂಖ್ಯೆಯನ್ನು ನಂಬುವುದಿಲ್ಲ. ಬೀಡಿಕಟ್ಟಿನ ಕಾಗದವನ್ನೋ ಕಡ್ಡಿಯನ್ನೋ ಪಟ್ಟಿಯ ಮೇಲಿಟ್ಟು ಗುರುತು ಮಾಡಿಕೊಂಡು, ಅದನ್ನು ಗೋಡೆಯ ಗೆರೆಗೆ ಹಿಡಿದು ಎಣಿಸುತ್ತಾನೆ.